ಮೊದಲನೆಯ ಮಹಾಯುದ್ಧ: ತಡವಾಗಿ ಬರೆದ ಒಂದು ಉತ್ತರ

ನನ್ನಲ್ಲಿ ಚರಿತ್ರೆ ಓದಿದವರಿಗೆಲ್ಲ ಈ ಪ್ರಶ್ನೆ ನೆನಪಿರಲೇಬೇಕು: ‘ಮೊದಲನೆಯ ಮಹಾಯುದ್ಧದ ಕಾರಣಗಳನ್ನೂ ಪರಿಣಾಮಗಳನ್ನೂ ವಿವರಿಸಿರಿ.’ ಪರೀಕ್ಷೆಯಲ್ಲಿ ಒಂದು ವರ್ಷ ತಪ್ಪಿದರೆ ಮರುವರ್ಷ ಬಂದೇ ಬರುತ್ತಿದ್ದ ಪ್ರಶ್ನೆಯಾದ್ದರಿಂದ ಉತ್ತರವನ್ನು ನಾನೇ ಕರಿಹಲಗೆಯ ಮೇಲೆ ಬರೆದು, ನಿಮ್ಮಿಂದ ಎರಡೆರಡು ಬಾರಿ ಓದಿಸಿ, ಬಾಯಿಪಾಠ ಮಾಡಿಸುತ್ತಿದ್ದೆ. ಉಗ್ರ ರಾಷ್ಟ್ರೀಯತೆ, ಸಾಮ್ರಾಜ್ಯಶಾಹಿ, ಸೈನಿಕ ಪೈಪೋಟಿ, ಮೈತ್ರಿಕೂಟಗಳು. ಕೊನೆಗೆ ತಕ್ಷಣದ ಕಾರಣವಾಗಿ ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆ. ಮದ್ದಿನ ಮನೆ ಮೊದಲೇ ತುಂಬಿತ್ತು, ಕಿಡಿಯೊಂದು ಬಿದ್ದಿತು ಎಂಬ ಉಪಮೆಯನ್ನು ಸೇರಿಸಿದವರಿಗೆ ಅರ್ಧ ಅಂಕ ಹೆಚ್ಚು ಕೊಡುತ್ತಿದ್ದೆ. ಮೂವತ್ತನಾಲ್ಕು ವರ್ಷ ಹೀಗೆಯೇ ನಡೆಯಿತು.

1983ನೆಯ ಇಸವಿ ಇರಬೇಕು. ಊಟದ ವೇಳೆಯ ನಂತರದ ತರಗತಿ. ನಿದ್ದೆಗೆ ಜಾರುತ್ತಿದ್ದ ಹುಡುಗರನ್ನು ಎಚ್ಚರಿಸಲೆಂದು, ಯುವರಾಜನ ಕಾರಿನ ಚಾಲಕ ದಾರಿ ತಪ್ಪಿ ತಿರುಗಿದ ಕತೆಯನ್ನು ಹೇಳಿದೆ. ಎರಡನೆಯ ಬೆಂಚಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದ ಹುಡುಗನೊಬ್ಬ ಎದ್ದು ನಿಂತು, ‘ಸಾರ್, ಆ ಡ್ರೈವರು ಸರಿಯಾದ ದಾರೀಲೇ ಹೋಗಿದ್ದಿದ್ರೆ ಯುದ್ಧ ಆಗ್ತಾನೇ ಇರ್ಲಿಲ್ವಾ?’ ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ‘ಅದು ಪರೀಕ್ಷೆಗೆ ಬರೋಲ್ಲ, ಕೂತ್ಕೋ’ ಎಂದೆ. ಅವನು ಕುಳಿತುಕೊಂಡ. ನಿಜ ಹೇಳಬೇಕೆಂದರೆ ನನಗೆ ಉತ್ತರ ಗೊತ್ತಿರಲಿಲ್ಲ. ನಿವೃತ್ತಿಯಾದ ಮೇಲೆ, ಓದಿಗೆ ಬಿಡುವು ದೊರೆತಂತೆಲ್ಲ, ಆ ಹುಡುಗ ಕೇಳಿದ್ದು ದೊಡ್ಡ ದೊಡ್ಡ ಇತಿಹಾಸಕಾರರು ನೂರು ವರ್ಷಗಳಿಂದ ತಲೆ ಕೆಡಿಸಿಕೊಂಡಿರುವ ಪ್ರಶ್ನೆಯನ್ನೇ ಎಂದು ಅರಿವಾಯಿತು. ಈ ಬರಹವನ್ನು ಅವನಿಗೆ ಕೊಡುತ್ತಿರುವ ಉತ್ತರವೆಂದು ತಿಳಿಯಬಹುದು.

ಮೊದಲು ಆ ದಿನದ ಸಂಗತಿ. 1914ರ ಜೂನ್ 28, ಭಾನುವಾರ. ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಯುವರಾಜ ಫ್ರಾಂಜ್ ಫರ್ಡಿನಾಂಡ್ ಪತ್ನಿ ಸೋಫಿಯೊಡನೆ ಬೋಸ್ನಿಯಾದ ಸರಾಯೆವೊ ನಗರಕ್ಕೆ ಬಂದಿದ್ದ. ಬೋಸ್ನಿಯಾವನ್ನು ಆಸ್ಟ್ರಿಯಾ 1908ರಲ್ಲಿ ತನ್ನ ರಾಜ್ಯಕ್ಕೆ ಸೇರಿಸಿಕೊಂಡಿದ್ದು ಅಲ್ಲಿನ ಸರ್ಬ್ ಯುವಕರಿಗೆ ಸಹಿಸಲಾಗದ ಸಂಗತಿಯಾಗಿತ್ತು. ಬೆಳಿಗ್ಗೆ ಒಬ್ಬ ಯುವಕ ಎಸೆದ ಬಾಂಬು ಯುವರಾಜನ ಕಾರಿಗೆ ತಗಲಿ ಹಿಂದಕ್ಕೆ ಉರುಳಿ, ಹಿಂದಿನ ಕಾರಿನಲ್ಲಿದ್ದವರನ್ನು ಗಾಯಗೊಳಿಸಿತು. ಪುರಭವನದ ಸ್ವಾಗತ ಮುಗಿದ ಮೇಲೆ ಯುವರಾಜ ಆ ಗಾಯಾಳುಗಳನ್ನು ಆಸ್ಪತ್ರೆಯಲ್ಲಿ ನೋಡಬೇಕೆಂದ. ಅದಕ್ಕಾಗಿ ಮಾರ್ಗವನ್ನು ಬದಲಿಸಿದರು. ಬದಲಿಸಿದ ಸುದ್ದಿಯನ್ನು ಚಾಲಕರಿಗೆ ತಿಳಿಸಲು ಮರೆತರು. ನದಿಯ ದಂಡೆಯ ರಸ್ತೆಯಲ್ಲಿ ನೇರವಾಗಿ ಹೋಗಬೇಕಾಗಿದ್ದ ಕಾರು ಹಳೆಯ ಮಾರ್ಗದಂತೆ ಬಲಕ್ಕೆ ತಿರುಗಿತು. ತಪ್ಪಾಯಿತೆಂದು ಕೂಗಿದಾಗ ಚಾಲಕ ಕಾರನ್ನು ನಿಲ್ಲಿಸಿದ. ನಿಲ್ಲಿಸಿದ ಜಾಗದಲ್ಲೇ ಗವ್ರಿಲೊ ಪ್ರಿನ್ಸಿಪ್ ಎಂಬ ಹತ್ತೊಂಬತ್ತು ವರ್ಷದ ಹುಡುಗ ಪಿಸ್ತೂಲು ಇಟ್ಟುಕೊಂಡು ನಿಂತಿದ್ದ. ಎರಡು ಗುಂಡು, ಎರಡು ಸಾವು. ಇಪ್ಪತ್ತು ತುಂಬಿರಲಿಲ್ಲವಾಗಿ ಅವನಿಗೆ ಮರಣದಂಡನೆಯಾಗಲಿಲ್ಲ. 1918ರಲ್ಲಿ ಸೆರೆಯಲ್ಲೇ ಕ್ಷಯದಿಂದ ತೀರಿಕೊಂಡ.

ಕಾರು ತಿರುಗದೇ ಹೋಗಿದ್ದರೆ ಬಹುಶಃ ಆ ದಂಪತಿಗಳು ಬದುಕುತ್ತಿದ್ದರು. ಆದರೆ ಯುದ್ಧದ ಪ್ರಶ್ನೆ ಇಷ್ಟಕ್ಕೆ ಮುಗಿಯುವುದಿಲ್ಲ. ಏಕೆಂದರೆ ಮದ್ದಿನ ಮನೆ, ಕಿಡಿ ಎಂಬ ನನ್ನ ಉಪಮೆಯಲ್ಲೇ ದೋಷವಿತ್ತು. ಮದ್ದಿನ ಮೇಲೆ ಕಿಡಿ ಬಿದ್ದರೆ ಕ್ಷಣದಲ್ಲಿ ಸಿಡಿಯಬೇಕು. ಇಲ್ಲಿ ಕೊಲೆಯಾದದ್ದು ಜೂನ್ 28ರಂದು. ಆಸ್ಟ್ರಿಯಾ ಸರ್ಬಿಯಾದ ಮೇಲೆ ಯುದ್ಧ ಘೋಷಿಸಿದ್ದು ಜುಲೈ 28ರಂದು. ಇಂಗ್ಲೆಂಡು ಇಳಿದದ್ದು ಆಗಸ್ಟ್ 4ರಂದು. ನಡುವೆ ಮೂವತ್ತೇಳು ದಿನಗಳು. ನಾನು ಬರೆಸಿದ ಟಿಪ್ಪಣಿಯಲ್ಲಿ ಈ ಮೂವತ್ತೇಳು ದಿನಗಳಿಗೆ ಒಂದು ಸಾಲೂ ಇರಲಿಲ್ಲ. ಇನ್ನೊಂದು ಮಾತು: ಆ ನಾಲ್ಕು ಕಾರಣಗಳು 1914ಕ್ಕೆ ಹೊಸವೇನಲ್ಲ. ಮೊರಾಕ್ಕೊ ವಿಷಯದಲ್ಲಿ 1905ರಲ್ಲೂ 1911ರಲ್ಲೂ, ಬೋಸ್ನಿಯಾ ವಿಷಯದಲ್ಲಿ 1908ರಲ್ಲೂ, ಬಾಲ್ಕನ್ ಯುದ್ಧಗಳ ಕಾಲದಲ್ಲಿ 1912-13ರಲ್ಲೂ ಯೂರೋಪಿನ ದೊಡ್ಡ ರಾಷ್ಟ್ರಗಳು ಪರಸ್ಪರ ಹಲ್ಲು ಕಡಿದು ನಿಂತಿದ್ದವು. ಅದೇ ಸೈನಿಕ ಪೈಪೋಟಿ, ಅದೇ ಮೈತ್ರಿಕೂಟಗಳು. ಆದರೂ ಮಹಾಯುದ್ಧವಾಗಲಿಲ್ಲ, ಪ್ರತಿ ಸಲವೂ ಯಾರೋ ಒಬ್ಬರು ಒಂದು ಹೆಜ್ಜೆ ಹಿಂದಕ್ಕೆ ಇಟ್ಟರು. 1914ರಲ್ಲಿ ಯಾರೂ ಇಡಲಿಲ್ಲ. ಏಕೆ ಇಡಲಿಲ್ಲ ಎಂಬುದೇ ಕೇಳಬೇಕಾದ ಪ್ರಶ್ನೆ.

ವಿಯೆನ್ನಾದಿಂದ ಆರಂಭಿಸೋಣ. ಅಲ್ಲಿನ ಸೇನಾ ಮುಖ್ಯಸ್ಥ ಕಾನ್ರಾಡ್, ಸರ್ಬಿಯಾದ ಮೇಲೆ ಯುದ್ಧ ಹೂಡಬೇಕೆಂದು 1913ರ ಒಂದೇ ವರ್ಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಾರಿ ಸಲಹೆ ಮಾಡಿದ್ದವನು. ಅವನನ್ನು ತಡೆದು ನಿಲ್ಲಿಸುತ್ತಿದ್ದವರಲ್ಲಿ ಪ್ರಮುಖನು ಯಾರು ಗೊತ್ತೆ? ಸಾಕ್ಷಾತ್ ಯುವರಾಜ ಫ್ರಾಂಜ್ ಫರ್ಡಿನಾಂಡ್. ಕೊಲೆಗಾರ ಕೊಂದದ್ದು ಸರ್ಬಿಯಾದೊಡನೆ ಯುದ್ಧ ಬೇಡವೆನ್ನುತ್ತಿದ್ದ ಮನುಷ್ಯನನ್ನು. ಈಗ ತಡೆಯುವವರಿಲ್ಲ. ಕೊಲೆಯ ತನಿಖೆಗೆ ಸರಾಯೆವೊಗೆ ಹೋದ ಆಸ್ಟ್ರಿಯಾದ ಅಧಿಕಾರಿ, ಸರ್ಬಿಯಾ ಸರ್ಕಾರದ ಕೈವಾಡಕ್ಕೆ ಸಾಕ್ಷ್ಯವಿಲ್ಲವೆಂದು ಜುಲೈ 13ರಂದು ತಂತಿ ಕಳುಹಿಸಿದ. (ಸರ್ಬಿಯಾದ ಸೈನಿಕ ಗುಪ್ತಚರ ವಿಭಾಗದ ಮುಖ್ಯಸ್ಥನೇ ಒಳಗೊಳಗೆ ಈ ಹುಡುಗರಿಗೆ ಆಯುಧ ಒದಗಿಸಿದ್ದ ಎಂಬುದೂ ಸತ್ಯ, ಸರ್ಬಿಯಾ ಪೂರ್ತಿ ನಿರಪರಾಧಿಯೆಂದು ನಾನು ವಾದಿಸುತ್ತಿಲ್ಲ.) ಆ ತಂತಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹಾಗಾದರೆ ಕೂಡಲೇ ಯುದ್ಧ ಸಾರಬಹುದಿತ್ತಲ್ಲ? ಸಾರುವಂತಿರಲಿಲ್ಲ, ಏಕೆಂದರೆ ಸೈನಿಕರಲ್ಲಿ ಬಹುಮಂದಿ ಸುಗ್ಗಿಯ ಕೊಯ್ಲಿಗೆಂದು ರಜೆಯ ಮೇಲೆ ಊರಿಗೆ ಹೋಗಿದ್ದರು! ಅದೇ ವೇಳೆಗೆ ಫ್ರಾನ್ಸಿನ ಅಧ್ಯಕ್ಷ ರಷ್ಯಾದ ರಾಜಧಾನಿಯಲ್ಲಿ ಅತಿಥಿಯಾಗಿದ್ದ. ಇಬ್ಬರೂ ಜೊತೆಗಿರುವಾಗ ಸುದ್ದಿ ತಲುಪಬಾರದೆಂದು ಅವನು ಹಡಗು ಹತ್ತುವವರೆಗೆ ಕಾದರು. ಜುಲೈ 23ರ ಸಂಜೆ ಸರ್ಬಿಯಾಕ್ಕೆ ನಲವತ್ತೆಂಟು ಗಂಟೆಗಳ ಗಡುವಿನ ಅಂತಿಮ ಎಚ್ಚರಿಕೆಯನ್ನು ತಲುಪಿಸಿದರು. ಒಪ್ಪಲಾಗದಂತೆಯೇ ಬರೆದ ಷರತ್ತುಗಳವು.

ವಿಯೆನ್ನಾಗೆ ಇಷ್ಟು ಧೈರ್ಯ ಬಂದದ್ದು ಬರ್ಲಿನ್ನಿನಿಂದ. ಜುಲೈ 5ರಂದು ಜರ್ಮನಿಯ ಚಕ್ರವರ್ತಿ ಕೈಸರ್ ಎರಡನೆಯ ವಿಲ್ಹೆಲ್ಮ್, ನೀವು ಏನು ಮಾಡಿದರೂ ನಮ್ಮ ಬೆಂಬಲವಿದೆ ಎಂಬರ್ಥದ ಭರವಸೆ ಕೊಟ್ಟ. ಚರಿತ್ರೆಯಲ್ಲಿ ಇದಕ್ಕೆ ‘ಖಾಲಿ ಚೆಕ್ಕು’ ಎಂಬ ಹೆಸರೇ ಬಂದಿದೆ. ಸಹಿ ಹಾಕಿ, ಮೊತ್ತ ಬರೆಯದೆ ಕೊಟ್ಟ ಚೆಕ್ಕು. ಮರುದಿನ ಕೈಸರ್ ಹಡಗು ಹತ್ತಿ ನಾರ್ವೆಯ ಕಡೆ ವಿಹಾರಕ್ಕೆ ಹೊರಟುಹೋದ. ನಮ್ಮಲ್ಲಿ ಸಾಲಕ್ಕೆ ಜಾಮೀನು ನಿಂತವರು ಸಾಲಗಾರ ಏನು ಮಾಡುತ್ತಿದ್ದಾನೆಂದು ಹದಿನೈದು ದಿನಕ್ಕೊಮ್ಮೆಯಾದರೂ ವಿಚಾರಿಸುತ್ತಾರೆ.

ಅವನು ಹಿಂದಿರುಗಿ ಬಂದು, ಸರ್ಬಿಯಾ ಕೊಟ್ಟಿದ್ದ ಉತ್ತರವನ್ನು ಓದಿದ್ದು ಜುಲೈ 28ರ ಬೆಳಿಗ್ಗೆ. ತನ್ನ ನೆಲದಲ್ಲಿ ಆಸ್ಟ್ರಿಯಾದ ಅಧಿಕಾರಿಗಳು ವಿಚಾರಣೆ ನಡೆಸಬೇಕೆಂಬ ಷರತ್ತನ್ನು ಬಿಟ್ಟು ಬಹುಪಾಲು ಎಲ್ಲವನ್ನೂ ಸರ್ಬಿಯಾ ಒಪ್ಪಿಕೊಂಡಿತ್ತು. ಇನ್ನು ಯುದ್ಧಕ್ಕೆ ಕಾರಣವೇ ಉಳಿದಿಲ್ಲವೆಂದು ಕೈಸರ್ ಆ ಕಾಗದದ ಮೇಲೆಯೇ ಬರೆದ. ಅದೇ ದಿನ ವಿಯೆನ್ನಾದಿಂದ ಸರ್ಬಿಯಾಕ್ಕೆ ತಂತಿಯ ಮೂಲಕ ಯುದ್ಧಘೋಷಣೆ ಹೊರಟಿತು. ಇದನ್ನು ಮೊದಲ ಸಲ ಓದಿದ ದಿನ ಪುಸ್ತಕ ಮಡಿಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಮುಂದಿನದು ರಷ್ಯಾ. ಜಾರ್ ಎರಡನೆಯ ನಿಕೊಲಾಸ್ ಮತ್ತು ಕೈಸರ್ ಸಂಬಂಧಿಕರು. ಇಂಗ್ಲೆಂಡಿನ ಐದನೆಯ ಜಾರ್ಜ್ ಇವರಿಬ್ಬರಿಗೂ ಹತ್ತಿರದ ದಾಯಾದಿ. ಜಾರ್ ಮತ್ತು ಕೈಸರ್ ‘ನಿಕಿ’, ‘ವಿಲಿ’ ಎಂದು ಮನೆಯ ಹೆಸರುಗಳಿಂದ, ಇಂಗ್ಲಿಷಿನಲ್ಲಿ, ಒಬ್ಬರಿಗೊಬ್ಬರು ತಂತಿ ಕಳುಹಿಸಿಕೊಂಡರು. ಜುಲೈ 29ರಂದು ಜಾರ್ ಪೂರ್ಣ ಸೇನಾ ಜಮಾವಣೆಗೆ ಅಪ್ಪಣೆ ಕೊಟ್ಟ. ರಾತ್ರಿ ಕೈಸರನ ತಂತಿ ಬಂದೊಡನೆ ಅದನ್ನು ರದ್ದುಪಡಿಸಿದ. ಮರುದಿನ ಮಂತ್ರಿಗಳೂ ಸೇನಾಧಿಕಾರಿಗಳೂ ಒತ್ತಾಯಿಸಲು ಪುನಃ ಅಪ್ಪಣೆ ಕೊಟ್ಟ. ರಷ್ಯಾ ಜಮಾಯಿಸಿದರೆ ಜರ್ಮನಿ ಸುಮ್ಮನಿರುವಂತಿರಲಿಲ್ಲ, ಏಕೆಂದರೆ ಅದರ ಯುದ್ಧಯೋಜನೆಯೆಲ್ಲ ವೇಗದ ಮೇಲೆ ನಿಂತಿತ್ತು: ರಷ್ಯಾ ಸಿದ್ಧವಾಗುವುದರೊಳಗೆ ಬೆಲ್ಜಿಯಂ ದಾಟಿ ಫ್ರಾನ್ಸನ್ನು ಸೋಲಿಸಿ, ಆಮೇಲೆ ಪೂರ್ವಕ್ಕೆ ತಿರುಗಬೇಕು. ಆಗಸ್ಟ್ 1ರ ಸಂಜೆ, ಇಂಗ್ಲೆಂಡು ತಟಸ್ಥವಾಗಿ ಉಳಿಯಬಹುದೆಂಬ ತಪ್ಪು ಸುದ್ದಿಯೊಂದನ್ನು ನಂಬಿ ಕೈಸರ್ ತನ್ನ ಸೇನಾ ಮುಖ್ಯಸ್ಥ ಮೋಲ್ಟ್‌ಕೆಯನ್ನು ಕರೆದು, ಹಾಗಾದರೆ ಸೈನ್ಯವನ್ನೆಲ್ಲ ಪೂರ್ವಕ್ಕೇ ಕಳುಹಿಸೋಣವೆಂದ. ಸಾಧ್ಯವಿಲ್ಲವೆಂದ ಮೋಲ್ಟ್‌ಕೆ. ವರ್ಷವಿಡೀ ಕುಳಿತು ರೂಪಿಸಿದ ರೈಲುಗಳ ವೇಳಾಪಟ್ಟಿಯನ್ನು ಈಗ ಬದಲಿಸಲಾಗದು! ಇಂಗ್ಲೆಂಡಿನ ಇತಿಹಾಸಕಾರ ಎ.ಜೆ.ಪಿ. ಟೇಲರ್ ಇದನ್ನೇ ಹಿಡಿದು, ಇದು ರೈಲ್ವೆ ವೇಳಾಪಟ್ಟಿಯಿಂದಾದ ಯುದ್ಧವೆಂದು 1969ರಲ್ಲಿ ಒಂದು ಪುಸ್ತಕವನ್ನೇ ಬರೆದ. ಅತಿಶಯೋಕ್ತಿಯಿರಬಹುದು, ಪೂರ್ತಿ ಸುಳ್ಳೆನ್ನಲಾರೆ. ಆಗಸ್ಟ್ 4ರಂದು ಜರ್ಮನ್ ಸೈನ್ಯ ಬೆಲ್ಜಿಯಂ ಗಡಿ ದಾಟಿತು. ಬೆಲ್ಜಿಯಂನ ತಾಟಸ್ಥ್ಯಕ್ಕೆ 1839ರಲ್ಲಿ ಸಹಿ ಹಾಕಿದ್ದ ಇಂಗ್ಲೆಂಡು ಅಂದೇ ಯುದ್ಧಕ್ಕಿಳಿಯಿತು.

ತಪ್ಪು ಯಾರದು? ಗೆದ್ದವರು ತಮ್ಮ ಉತ್ತರವನ್ನು ವರ್ಸೇಲ್ಸ್ ಒಪ್ಪಂದದ 231ನೆಯ ವಿಧಿಯಲ್ಲಿ ಬರೆದು ಹೊಣೆಯನ್ನೆಲ್ಲ ಜರ್ಮನಿ ಮತ್ತು ಅದರ ಮಿತ್ರರ ಮೇಲೆ ಹೊರಿಸಿದರು. ಆ ಒಪ್ಪಂದಕ್ಕೆ ಸಹಿಯಾದದ್ದು 1919ರ ಜೂನ್ 28ರಂದು, ಸರಾಯೆವೊ ಕೊಲೆಗೆ ಸರಿಯಾಗಿ ಐದು ವರ್ಷ ತುಂಬಿದ ದಿನ. 1961ರಲ್ಲಿ ಜರ್ಮನ್ ಇತಿಹಾಸಕಾರ ಫ್ರಿಟ್ಜ್ ಫಿಷರ್ ತನ್ನ ದೇಶದ ಹೊಣೆಯೇ ದೊಡ್ಡದೆಂದು ದಾಖಲೆಗಳೊಡನೆ ವಾದಿಸಿ ಸ್ವದೇಶದಲ್ಲಿ ಬೈಗುಳ ತಿಂದ. 2012ರಲ್ಲಿ ಕ್ರಿಸ್ಟೋಫರ್ ಕ್ಲಾರ್ಕ್, ಎಲ್ಲ ರಾಜಧಾನಿಗಳವರೂ ನಿದ್ದೆಯಲ್ಲಿ ನಡೆಯುವವರಂತೆ ಯುದ್ಧದೊಳಕ್ಕೆ ನಡೆದರೆಂದ. ನನಗೆ ತೋರುವುದಿಷ್ಟು: ಇವರಲ್ಲಿ ಯಾರೂ ನಿದ್ದೆಯಲ್ಲಿರಲಿಲ್ಲ. ವಿಯೆನ್ನಾ, ಬರ್ಲಿನ್ನುಗಳ ಹೊಣೆ ಉಳಿದವರದಕ್ಕಿಂತ ಹೆಚ್ಚಿನದು. ಆದರೆ ಪ್ರತಿಯೊಬ್ಬನೂ ಎದುರಿನವನು ಹೆದರಿ ಹಿಂದೆ ಸರಿಯುತ್ತಾನೆಂದು ಪಣ ಕಟ್ಟಿದ, ಮತ್ತು ಪಣಕ್ಕಿಟ್ಟದ್ದು ತನ್ನದಲ್ಲದ ಜೀವಗಳನ್ನು. ನಾಲ್ಕು ಕಾರಣಗಳನ್ನು ಬಾಯಿಪಾಠ ಮಾಡಿಸಿದಾಗ ನಾನು ನಿಮಗೆ ತಿಳಿಯದಂತೆ ಹೇಳಿಕೊಟ್ಟದ್ದು, ಯುದ್ಧವೆಂಬುದು ಮಳೆ ಬಿದ್ದಂತೆ ತಾನಾಗಿ ಬೀಳುತ್ತದೆ ಎಂಬುದನ್ನು. ಅದು ಅಂಥದ್ದಲ್ಲ. ಅದಕ್ಕೆ ಸಹಿ ಹಾಕಿದ ಕೈಗಳಿವೆ, ಹಾಕಿದ ದಿನಾಂಕಗಳೂ ಇವೆ.

ಇನ್ನು ಪರಿಣಾಮಗಳು. ಜರ್ಮನಿ, ಆಸ್ಟ್ರಿಯಾ-ಹಂಗೇರಿ, ರಷ್ಯಾ, ತುರ್ಕಿ ಎಂಬ ನಾಲ್ಕು ಸಾಮ್ರಾಜ್ಯಗಳು ಬಿದ್ದುಹೋದವು, ರಾಷ್ಟ್ರಸಂಘ ಹುಟ್ಟಿತು ಎಂಬುದನ್ನೆಲ್ಲ ನೀವು ಬರೆದು ಅಂಕ ಗಳಿಸಿದ್ದೀರಿ. ಸತ್ತ ಸೈನಿಕರ ಸಂಖ್ಯೆ ತೊಂಬತ್ತು ಲಕ್ಷದಿಂದ ಒಂದು ಕೋಟಿಯವರೆಗೆ ಎಂದೂ ಬರೆದಿದ್ದೀರಿ. ಅಷ್ಟು ದೊಡ್ಡ ಸಂಖ್ಯೆ ಮನಸ್ಸಿಗೆ ಇಳಿಯುವುದಿಲ್ಲ. ಇಂಗ್ಲೆಂಡಿನ ಲ್ಯಾಂಕಾಷೈರಿನಲ್ಲಿ ಆಕ್ರಿಂಗ್ಟನ್ ಎಂಬ ಹತ್ತಿಗಿರಣಿಗಳ ಚಿಕ್ಕ ಊರಿದೆ. ಗೆಳೆಯರೆಲ್ಲ ಒಟ್ಟಿಗೆ ಸೇರಿದರೆ ಒಂದೇ ದಳದಲ್ಲಿ ಒಟ್ಟಿಗೇ ಇರಬಹುದೆಂದು ಸರ್ಕಾರ ಆಸೆ ತೋರಿಸಿದ್ದರಿಂದ ಆ ಊರಿನ, ಸುತ್ತಮುತ್ತಲ ಊರುಗಳ ಹುಡುಗರು 1914ರಲ್ಲಿ ಹೀಗೆ ದಳವಾಗಿ ಸೇರಿದರು. 1916ರ ಜುಲೈ 1ರ ಬೆಳಿಗ್ಗೆ, ಫ್ರಾನ್ಸಿನ ಸೋಮ್ ಕದನದ ಮೊದಲ ದಿನ, ಅವರಲ್ಲಿ ಸುಮಾರು 700 ಜನ ಕಂದಕದಿಂದ ಮೇಲೆದ್ದು ನಡೆದರು. ಅರ್ಧ ಗಂಟೆಯಲ್ಲಿ 580ಕ್ಕೂ ಹೆಚ್ಚು ಜನ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಆ ಒಂದು ದಿನದಲ್ಲಿ ಸತ್ತ ಬ್ರಿಟಿಷ್ ಸೈನಿಕರ ಸಂಖ್ಯೆ 19,240. ಒಟ್ಟಿಗೆ ಶಾಲೆಗೆ ಹೋದವರು, ಒಂದೇ ಗಿರಣಿಯಲ್ಲಿ ದುಡಿದವರು, ಒಂದೇ ಬೀದಿಯವರು. ನನ್ನ ಒಂದು ತರಗತಿಯ ಹಾಜರಿ ಪುಸ್ತಕವನ್ನು ಕಣ್ಣಮುಂದೆ ತಂದುಕೊಂಡಾಗಲೇ ನನಗೆ ಈ ಲೆಕ್ಕ ಅರ್ಥವಾದದ್ದು.

ಸ್ತ್ರೀಯರಿಗೆ ಮತದಾನದ ಹಕ್ಕು ಯುದ್ಧದಿಂದ ಬಂದಿತೆಂದು ಬರೆಸಿದ್ದೆ. ಅದನ್ನೂ ಸ್ವಲ್ಪ ತಿದ್ದಬೇಕು. ಇಂಗ್ಲೆಂಡಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಲಕ್ಷಾಂತರ ಹೆಂಗಸರು ದುಡಿದರು. ಟಿಎನ್‌ಟಿ ಸ್ಫೋಟಕದ ಸಂಪರ್ಕದಿಂದ ಅವರ ಚರ್ಮ ಹಳದಿಗಟ್ಟುತ್ತಿದ್ದುದರಿಂದ ಜನ ಅವರನ್ನು ಕ್ಯಾನರಿ ಹಕ್ಕಿಗಳೆನ್ನುತ್ತಿದ್ದರು. 1918ರಲ್ಲಿ ಮತದ ಹಕ್ಕು ಕೊಟ್ಟದ್ದು ಮೂವತ್ತು ವರ್ಷ ದಾಟಿ, ಆಸ್ತಿಯ ನಿಬಂಧನೆ ಪೂರೈಸಿದವರಿಗೆ ಮಾತ್ರ. ಆ ಹಳದಿ ಕೈಗಳ ಹುಡುಗಿಯರಲ್ಲಿ ಬಹುಮಂದಿಗೆ ಅದು ದಕ್ಕಲಿಲ್ಲ. ಫ್ರಾನ್ಸಿನ ಹೆಂಗಸರೂ ಅಷ್ಟೇ ದುಡಿದಿದ್ದರು. ಅವರು 1944ರವರೆಗೆ ಕಾಯಬೇಕಾಯಿತು. ಜರ್ಮನಿಯಲ್ಲಿ ಬ್ರಿಟಿಷ್ ನೌಕಾಪಡೆಯ ದಿಗ್ಬಂಧನದ ಜೊತೆಗೆ 1916ರಲ್ಲಿ ಆಲೂಗೆಡ್ಡೆಯ ಬೆಳೆಯೂ ಕೈಕೊಟ್ಟು, ದನಗಳಿಗೆ ಹಾಕುವ ಟರ್ನಿಪ್ ಗೆಡ್ಡೆಯನ್ನು ಜನ ತಿಂದು ಚಳಿಗಾಲ ಕಳೆದರು. ಸಂಧಾನಕ್ಕೆ ಸಹಿ ಹಾಕುವವರೆಗೂ, ಅಂದರೆ ಕದನ ನಿಂತು ಏಳು ತಿಂಗಳಾದರೂ, ಆ ದಿಗ್ಬಂಧನ ತೆರವಾಗಲಿಲ್ಲ. ಅಂಥ ಚಳಿಗಾಲದಲ್ಲಿ ಬೆಳೆದ ಮಕ್ಕಳೇ ಮುಂದೆ ಇನ್ನೊಬ್ಬ ನಾಯಕನ ಮಾತಿಗೆ ಕಿವಿಗೊಟ್ಟ ತಲೆಮಾರು.

ಆ ಮೂವತ್ತೇಳು ದಿನಗಳಲ್ಲಿ ಭಾರತದ ಯಾರನ್ನೂ ಯಾರೂ ಏನೂ ಕೇಳಲಿಲ್ಲ. ಇಂಗ್ಲೆಂಡು ಯುದ್ಧದಲ್ಲಿದೆಯೆಂದರೆ ಭಾರತವೂ ಇದೆ, ಅಷ್ಟೇ. ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲು ದಾಟಿದರು. ಸುಮಾರು 74 ಸಾವಿರ ಮಂದಿ ಹಿಂದಿರುಗಲಿಲ್ಲ. ನಮ್ಮ ಮೈಸೂರು ಸಂಸ್ಥಾನದ ಲಾನ್ಸರ್ ಕುದುರೆದಳ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆಯನ್ನು ಕಾಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಲಾನ್ಸರುಗಳೊಡನೆ ಸೇರಿ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದಿತು. ಕಾರ್ಮೆಲ್ ಬೆಟ್ಟದ ಇಳಿಜಾರಿನ ತೋಪುಗಳನ್ನು ಹಿಡಿದವರು ನಮ್ಮವರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಆ ಮಾರ್ಗವಾಗಿ ಎಷ್ಟೋ ವರ್ಷ ಬಸ್ಸಿನಲ್ಲಿ ಓಡಾಡಿದ ನಾನು ಇಳಿದು ಓದಿದ್ದು ನಿವೃತ್ತಿಯಾದ ಮೇಲೆ.

ಪರಿಣಾಮಗಳಲ್ಲಿ ಎಲ್ಲವೂ ಕೆಟ್ಟದ್ದೇ ಎಂದರೆ ಚರಿತ್ರೆಗೆ ಅನ್ಯಾಯವಾಗುತ್ತದೆ. ಮೈಸೂರಿನ ಶ್ರೀಗಂಧದ ಮರವನ್ನು ಯುದ್ಧಕ್ಕೆ ಮೊದಲು ಬಹುಪಾಲು ಜರ್ಮನಿಗೆ ಕಳುಹಿಸಿ ಅಲ್ಲಿ ಎಣ್ಣೆ ತೆಗೆಯುತ್ತಿದ್ದರು. 1914ರಲ್ಲಿ ಆ ಮಾರುಕಟ್ಟೆ ಒಮ್ಮೆಗೇ ಮುಚ್ಚಿ, ಗಂಧದ ಕೊರಡುಗಳು ಕೊಳ್ಳುವವರಿಲ್ಲದೆ ಬಿದ್ದವು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ. ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಿದ್ದ ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಎಣ್ಣೆ ಬಟ್ಟಿಯಿಳಿಸುವ ಪ್ರಯೋಗಗಳು ನಡೆದು, ಸಂಸ್ಥಾನ ತಾನೇ ಗಂಧದೆಣ್ಣೆಯ ಕಾರ್ಖಾನೆ ತೆರೆಯಿತು. ಅದರ ಬೆನ್ನಿಗೇ ಸಾಬೂನಿನ ಕಾರ್ಖಾನೆಯೂ ಬಂದಿತು. ಹೊರದೇಶಗಳಲ್ಲಿರುವ ನನ್ನ ವಿದ್ಯಾರ್ಥಿಗಳು ಊರಿಗೆ ಬಂದಾಗ ಡಜನ್ನುಗಟ್ಟಲೆ ಕೊಂಡೊಯ್ಯುವ ಮೈಸೂರು ಸ್ಯಾಂಡಲ್ ಸೋಪು ಆ ಯುದ್ಧದ ಕೂಸು.

ಕೊನೆಯದಾಗಿ ನನ್ನ ಅಜ್ಜಿಯ ವಿಷಯ. ಬಂಧುಗಳಿಗೆ ಇದು ಗೊತ್ತಿರುವ ಸಂಗತಿ. ವಿದ್ಯಾರ್ಥಿಗಳಿಗೆ ನಾನು ಎಂದೂ ಹೇಳಿರಲಿಲ್ಲ. ಅಜ್ಜಿಗೆ ಇಸವಿಗಳು ಬರುತ್ತಿರಲಿಲ್ಲ. ಕಾಲವನ್ನೆಲ್ಲ ‘ಇನ್‌ಫ್ಲುಯೆಂಜಾಕ್ಕೆ ಮುಂಚೆ’, ‘ಇನ್‌ಫ್ಲುಯೆಂಜಾ ಆದ ಮೇಲೆ’ ಎಂದು ಎಣಿಸುತ್ತಿದ್ದಳು. 1918ರಲ್ಲಿ ಅವಳಿಗೆ ಹನ್ನೆರಡು ವರ್ಷ. ಮಳೆ ಕೈಕೊಟ್ಟಿತ್ತು, ಬಟ್ಟೆ, ಸೀಮೆಎಣ್ಣೆ, ಕಾಳುಕಡಿಗಳ ಬೆಲೆ ಏರಿತ್ತು. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಜ್ವರ ಊರಿಗೆ ಬಂದಿತು. ಒಂಬತ್ತು ದಿನಗಳಲ್ಲಿ ಅವಳ ತಾಯಿ ಮತ್ತು ಇಬ್ಬರು ತಮ್ಮಂದಿರು ಹೋದರು. ಹೊರಲು ಗಂಡಸರಿಲ್ಲದೆ ಎತ್ತಿನ ಗಾಡಿಯಲ್ಲಿ ಸಾಗಿಸಿದರಂತೆ. ಆ ನವರಾತ್ರಿಯಲ್ಲಿ ಬೊಂಬೆ ಕೂರಿಸಲಿಲ್ಲ. ಮುಂದೆ ಮದುವೆಯಲ್ಲಿ ತೌರಿನಿಂದ ಪಟ್ಟದ ಬೊಂಬೆಗಳು ಬಂದರೂ ಅವಳು ಅವನ್ನು ಒಂದು ವರ್ಷವೂ ಹೊರಗೆ ತೆಗೆಯಲಿಲ್ಲ. ‘ನಮ್ಮಲ್ಲಿ ಪದ್ಧತಿಯಿಲ್ಲ’ ಎನ್ನುತ್ತಿದ್ದಳು. ಬಹುಕಾಲ ನಾವೂ ಹಾಗೆಂದೇ ತಿಳಿದಿದ್ದೆವು.

ರೋಗವನ್ನು ಯುದ್ಧ ಸೃಷ್ಟಿಸಲಿಲ್ಲ. ಆದರೆ ಶಿಬಿರಗಳಲ್ಲಿ, ಹಡಗುಗಳಲ್ಲಿ ಕಿಕ್ಕಿರಿದ ಸೈನಿಕರೊಡನೆ ಅದು ಜಗತ್ತನ್ನೆಲ್ಲ ಸುತ್ತಿತು; 1918ರ ಜೂನಿನಲ್ಲಿ ಮುಂಬಯಿ ಬಂದರಿಗೆ ಇಳಿದು, ಅಲ್ಲಿಂದ ರೈಲುಗಳಲ್ಲಿ ಒಳನಾಡಿಗೆ ಹರಡಿತು. ಯುದ್ಧನಿರತ ದೇಶಗಳ ಪತ್ರಿಕೆಗಳಿಗೆ ನಿರ್ಬಂಧವಿದ್ದುದರಿಂದ, ತಟಸ್ಥವಾಗಿದ್ದ ಸ್ಪೇನಿನ ಪತ್ರಿಕೆಗಳು ಬರೆದದ್ದಷ್ಟೇ ಹೊರಬಂದು ಅದಕ್ಕೆ ಸ್ಪ್ಯಾನಿಷ್ ಜ್ವರವೆಂಬ ಹೆಸರು ಅಂಟಿತು. ಭಾರತದಲ್ಲಿ ಸತ್ತವರು ಒಂದು ಕೋಟಿಗೂ ಹೆಚ್ಚು. ನಮ್ಮ ಜನಗಣತಿಯ ಚರಿತ್ರೆಯಲ್ಲಿ ಜನಸಂಖ್ಯೆ ಇಳಿದ ದಶಕ 1911ರಿಂದ 1921ರವರೆಗಿನದು ಒಂದೇ. ಯೂರೋಪಿನ ಕಂದಕಗಳಲ್ಲಿ ಸತ್ತವರಿಗಿಂತ ನಮ್ಮ ಹಳ್ಳಿಗಳಲ್ಲಿ, ಪಟ್ಟಣಗಳಲ್ಲಿ ಸತ್ತವರೇ ಹೆಚ್ಚು ಎನ್ನುವಷ್ಟು ಆ ಸಂಖ್ಯೆ ದೊಡ್ಡದು. ನಾನು ಬರೆಸುತ್ತಿದ್ದ ‘ಪರಿಣಾಮಗಳು’ ಎಂಬ ತಲೆಬರಹದ ಕೆಳಗೆ ಇದೂ ಇರಲಿಲ್ಲ. ಹಗಲು ಶಾಲೆಯಲ್ಲಿ ಯುದ್ಧದ ಪಾಠ ಹೇಳಿ, ಸಂಜೆ ಮನೆಗೆ ಬಂದು ಅಜ್ಜಿಯ ಎದುರು ಕುಳಿತು ಊಟ ಮಾಡುತ್ತಿದ್ದೆ. ಎರಡೂ ಒಂದೇ ಸಂಗತಿಯೆಂದು ನನಗೆ ಹೊಳೆಯಲಿಲ್ಲ, ಅವಳಿಗೆ ಹೇಳುವವರಿರಲಿಲ್ಲ. 2020ರಲ್ಲಿ ಕೊರೋನಾ ಬಂದು ಮನೆಯೊಳಗೆ ಕೂತಾಗ ಅಟ್ಟದ ಮೇಲಿನ ಟ್ರಂಕನ್ನು ಇಳಿಸಿ ಆ ಬೊಂಬೆಗಳನ್ನು ತೆಗೆದು ನೋಡಿದೆ. ಸುತ್ತಿದ್ದ ಬಟ್ಟೆ ಪುಡಿಯಾಗಿತ್ತು, ಬೊಂಬೆಗಳು ಚೆನ್ನಾಗಿದ್ದವು.

ಕಿಟಕಿಯ ಪಕ್ಕದ ಹುಡುಗ ಈಗ ಐವತ್ತು ದಾಟಿರುತ್ತಾನೆ. ಕಾರು ತಿರುಗದಿದ್ದರೆ ಆ ಬೇಸಗೆಯಲ್ಲಿ ಯುದ್ಧವಾಗುತ್ತಿರಲಿಲ್ಲ, ಮುಂದೆ ಎಂದಾದರೂ ಆಗುತ್ತಿತ್ತೋ ಇಲ್ಲವೋ ಎಂಬುದು ಮತ್ತೆ ಅವರಿವರ ಕೈಯಲ್ಲೇ ಇತ್ತು ಎಂಬುದು ನಾನು ಕೊಡಬಲ್ಲ ಉತ್ತರ. ಸಾಲದೆನಿಸಿದರೆ ಅವನು ಎದ್ದು ನಿಂತು ಇನ್ನೊಂದು ಪ್ರಶ್ನೆ ಕೇಳಲಿ. ಈ ಸಲ ಕೂತ್ಕೋ ಎನ್ನುವುದಿಲ್ಲ.